ತಂತಿ ಬಂತು, ತಂತಿ ಹರೀತು: ನಮ್ಮ ಕಡಿ ಮನಿಗಳಿಗೆ ನೆಟ್ ಬಂದ ಕಥಿ

ಮೊನ್ನೆ ಬನಹಟ್ಟಿಯಿಂದ ನನ್ನ ನೆಗೆಣ್ಣಿ ಫೋನ್ ಮಾಡಿದ್ಲು. ಆರಾಮದ ಸುದ್ದಿ, ಮಳಿ ಸುದ್ದಿ ಎಲ್ಲಾ ಮುಗದ ಮ್ಯಾಲ ಸಾವಕಾಶ ವಿಷಯಕ್ಕ ಬಂದ್ಲು. “ಯಕ್ಕಾ, ನಿಮ್ಮ ಜಮಖಂಡಿ ಮನ್ಯಾಗ ಯಾವ ಕಂಪನಿ ವೈಫೈ ಐತಿ? ಚಲೋ ನಡೀತೈತೇನ?”

ಅಕಿ ಸುಮ್ಮನ ಕೇಳಿದ್ದಲ್ಲ. ಮಗ ಊರಾಗ ಮಗ್ಗದ ವ್ಯಾಪಾರ ನೋಡ್ಕೊಂಡು ಅದಾನ. ಸೊಸಿಗೆ ಪುಣೆ ಕಂಪನಿಯೊಂದರಾಗ ಲೆಕ್ಕಪತ್ರದ ಕೆಲಸ. ಬಾಣಂತನ ಮುಗಿಸಿ ತವರಿನಿಂದ ಬಂದಾಳ, ಕೂಸು ಎಂಟು ತಿಂಗಳದ್ದು. ಕಂಪನಿಯವರು ಮನಿಯಿಂದನ ಕೆಲಸ ಮಾಡಾಕ ಒಪ್ಪ್ಯಾರ, ಆದ್ರ ಒಂದ ಕರಾರು ಹಾಕ್ಯಾರ: ಕೆಲಸದ ವ್ಯಾಳ್ಯಾದಾಗ ನೆಟ್ ಹೋಗಬಾರದು, ಒಂದು ತಿಂಗಳು ನೋಡ್ತೀವಿ ಅಂತ. ಹೋತಂದ್ರ ಪುಣೆಗೆ ಬರಬೇಕು, ಇಲ್ಲಾ ಕೆಲಸ ಬಿಡಬೇಕು. ಕೂಸಿನ ಕಟಗೊಂಡು ಒಬ್ಬಾಕಿನ ಪುಣೆದಾಗ ಹೆಂಗ ಇದ್ದಾಳು? ಓದಿ ಗಳಿಸಿದ ಕೆಲಸ ಹೆಂಗ ಬಿಟ್ಟಾಳು?

ಒಂದು ಕಂಪನಿ ಹೆಸರು ಹೇಳಿ ಫೋನ್ ಇಡಬಹುದಿತ್ತು. ಆದ್ರ ಅದು ಖರೇ ಉತ್ತರ ಆಗತಿರಲಿಲ್ಲ. ನಮ್ಮ ಓಣ್ಯಾಗ ಚಲೋ ನಡಿಯೋ ಕಂಪನಿ ನೆಟ್ ಎರಡು ಓಣಿ ದಾಟಿದ್ರ ದಿನಾ ಕುಂಟತೈತಿ. ಜಮಖಂಡ್ಯಾಗ ಗಟ್ಟಿ ಇದ್ದದ್ದು ಬೀಳಗಿಯೊಳಗ ಇರೂದ ಇಲ್ಲ. ಯಾಕ ಹಿಂಗ ಅನ್ನೋದು ತಿಳೀಬೇಕಾದ್ರ ನಮ್ಮ ಕಡಿ ಮನಿಗಳಿಗೆ ತಂತಿ ಹೆಂಗ ಬಂತು ಅನ್ನೋದನ್ನ ಮೊದಲಿಂದ ನೋಡಬೇಕು. ಅಕಿಗೆ ಫೋನಿನಾಗ ಅಷ್ಟಷ್ಟ ಹೇಳಿದೆ. ಉಳಿದದ್ದನ್ನ ಇಲ್ಲಿ ಬರೀತೀನಿ, ನಿಮಗೂ ಉಪಯೋಗ ಆದೀತು.

ನಾನು ಲಗ್ನ ಆಗಿ ಜಮಖಂಡಿಗೆ ಬಂದಾಗ ನಮ್ಮ ಓಣ್ಯಾಗ ಇದ್ದದ್ದು ಒಂದ ಫೋನ್. ಅದೂ ಕಾಳಿನ ವ್ಯಾಪಾರದವರ ಮನ್ಯಾಗ. ಲಗ್ನಪತ್ರಿಕಿ ಮ್ಯಾಲ ನಂಬರ್ ಹಾಕಿ ಬಾಜೂಕ “ಪಿ.ಪಿ.” ಅಂತ ಅಚ್ಚು ಹಾಕಸ್ತಿದ್ರು, ನೆನಪೈತೇನ? ಅಂದ್ರ ಫೋನ್ ನಮ್ಮದಲ್ಲ, ಮಗ್ಗಲ ಮನಿಯವರದು, ಅವರು ಕರದು ಕೊಡ್ತಾರ ಅಂತ. ಆಗ ನಮ್ಮದೆಲ್ಲಾ ವಿಜಾಪುರ ಜಿಲ್ಲಾ. ಬಾಗಲಕೋಟಿ ಬ್ಯಾರೆ ಜಿಲ್ಲಾ ಆಗಿದ್ದು 1997ರಾಗ. ಪರಊರಿಗೆ ಮಾತಾಡಬೇಕಂದ್ರ ಟ್ರಂಕ್ ಕಾಲ್ ಬುಕ್ ಮಾಡಿ ಕುಂಡ್ರಬೇಕಿತ್ತು. ಸಾದಾ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ನಮೂನಿ; ಅವಸರ ಹೆಚ್ಚಾದಂಗ ರೊಕ್ಕ ಹೆಚ್ಚು. ನಡುವ ಆಪರೇಟರ್ ಕುಂತು ಒಂದು ಊರಿನ ಲೈನಿಗೆ ಇನ್ನೊಂದು ಊರಿನ ಲೈನ್ ಕೈಯಿಂದ ಜೋಡಸಬೇಕು.

ಬೀಳಗಿ ಕಡಿ ಹಳ್ಳಿಯೊಳಗ ನಮ್ಮ ಮುತ್ಯಾ ತೀರಿಕೊಂಡಾಗ ನನಗ ಸುದ್ದಿ ಮುಟ್ಟಿದ್ದು ಮಣ್ಣು ಆದ ಮರುದಿನ. ಗಾಳಿ ಮಳಿಗೆ ಲೈನ್ ಬಿದ್ದಿತ್ತಂತ. ಒಬ್ಬಾತ ಬಸ್ ಹತ್ತಿ ಬಂದು ಬಾಗಲಾಗ ನಿಂತು ಹೇಳಿದ. ಮುತ್ಯಾನ ಮಾರಿ ಕಡೀಕ ಒಮ್ಮೆ ನೋಡಲಿಲ್ಲ ಅನ್ನೋ ಸಂಕಟ ನನಗ ಇವತ್ತಿಗೂ ಐತಿ. ಊರಾಗ ಫೋನ್ ಇತ್ತು, ಕಂಬ ಇತ್ತು, ತಂತೀನೂ ಇತ್ತು. ಬಿದ್ದ ತಂತಿ ಎತ್ತಿ ಕಟ್ಟೋ ಮನುಷ್ಯಾ ಆ ದಿನ ಅಲ್ಲಿರಲಿಲ್ಲ. ಈ ಮಾತು ತಲಿಯೊಳಗ ಇಟಗೋರಿ, ಕಥಿ ಪೂರ್ತಿ ಇದರ ಸುತ್ತನ ತಿರಗತೈತಿ.

ಹಳ್ಳಿ ಫೋನಿನ ದೊಡ್ಡ ಬದಲಾವಣಿ ಶುರು ಆದದ್ದು ನಮ್ಮ ಮಗ್ಗಲಾಗನ ಅಂದ್ರ ಭಾಳ ಮಂದಿ ನಂಬಂಗಿಲ್ಲ. 1984ರಲ್ಲಿ ಕೇಂದ್ರ ಸರಕಾರ ಸಿ-ಡಾಟ್ ಅನ್ನೋ ಸಂಸ್ಥೆ ಕಟ್ಟಿತು. ಸ್ಯಾಮ್ ಪಿತ್ರೋಡಾ ಅವರ ಹೆಸರು ಇದರ ಜೋಡಿ ಕೂಡಿಕೊಂಡೈತಿ. ಆ ಸಂಸ್ಥೆಯ ಎಂಜಿನಿಯರುಗಳು ಹಳ್ಳಿ ಸಲುವಾಗಿ 128 ಪೋರ್ಟಿನ ಒಂದು ಸಣ್ಣ ಎಕ್ಸ್‌ಚೇಂಜ್ ಮಾಡಿದ್ರು. ಹೊರದೇಶದ ದೊಡ್ಡ ಯಂತ್ರಕ್ಕ ಎ.ಸಿ. ಕೋಣಿ ಬೇಕಿತ್ತು. ಇದು ನಮ್ಮ ಬಿಸಲು, ನಮ್ಮ ಧೂಳು ತಡಕೊಂಡು ಎ.ಸಿ. ಇಲ್ಲದ ನಡಿಯೋ ಯಂತ್ರ. ಏನರೆ ಕೆಟ್ಟರ ಒಳಗಿನ ಕಾರ್ಡ್ ತಗದು ಬ್ಯಾರೆ ಕಾರ್ಡ್ ಹಾಕಿದ್ರ ಆತು. ಇದನ್ನ ಮೊದಲಿಗೆ ಕುಂಡ್ರಿಸಿದ ಊರು ಯಾವುದು ಗೊತ್ತೇನ್ರೆವ್ವಾ? 1986ರಾಗ ಬೆಳಗಾವಿ ಜಿಲ್ಲಾದ ಕಿತ್ತೂರು, ನಮ್ಮ ರಾಣಿ ಚೆನ್ನಮ್ಮನ ಕಿತ್ತೂರು. ಆಮ್ಯಾಲ ಇಂಥಾ ಯಂತ್ರ ದೇಶದ ಸಾವಿರಾರು ಹಳ್ಳಿಗೆ ಹೋದ್ವು. ಹಳ್ಳಿಗೆ ಹೊಂದೋ ಯಂತ್ರ ಅಂದ್ರ ಹಳ್ಳಿಯೊಳಗನ ರಿಪೇರಿ ಆಗೋ ಯಂತ್ರ ಅನ್ನೋದನ್ನ ಅವರು ಆಗಲೇ ತಿಳಕೊಂಡಿದ್ರು.

ಅದರ ಹಿಂದ ಎಸ್‌ಟಿಡಿ ಬೂತು ಬಂದ್ವು, ಹಳದಿ ಬಣ್ಣದ ಬೋರ್ಡ್, ಗಾಜಿನ ಡಬ್ಬಿಯಂಥ ಕೋಣಿ. ಆಪರೇಟರ್ ಇಲ್ಲದ ನಾವ ನಂಬರ್ ಒತ್ತಿ ಮಾತಾಡೋದು. ಜಮಖಂಡಿಗೆ 08353, ಮುಧೋಳಕ್ಕ 08350, ಬೀಳಗಿಗೆ 08425. ಈ ಅಂಕಿಗಳು ನನಗ ಇನ್ನೂ ಮಗ್ಗಿಯಂಗ ಬಾಯಾಗ ಅದಾವ. ರಾತ್ರಿ ತಡಾ ಆದಂಗ ದರ ಇಳೀತಿತ್ತು. ಅದಕ್ಕ ಊಟ ಮುಗಿಸಿ, ಹುಡುಗರನ್ನ ಮಲಗಿಸಿ, ಗಂಡಸರನ್ನ ಜೋಡಿ ಕರಕೊಂಡು ಬೂತಿನ ಮುಂದ ಪಾಳಿ ಹಚ್ಚತಿದ್ವಿ. ಮೀಟರಿನ ಕೆಂಪು ಅಂಕಿ ಓಡೂದ ನೋಡಕೋತ ಅವ್ವನ ಜೋಡಿ ಮಾತಾಡೋದು. ಅರ್ಧಾ ಮಾತು ಹೊಟ್ಯಾಗ ಉಳೀತಿತ್ತು.

ಇನ್ನ ನೆಟ್ಟಿನ ಕಥಿ. ನಮ್ಮ ದೇಶದಾಗ ಸಾಮಾನ್ಯ ಮಂದಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ಕ್ಕ, ವಿ.ಎಸ್.ಎನ್.ಎಲ್. ಮೂಲಕ. ಮೊದಲು ಮುಂಬಯಿ, ದಿಲ್ಲಿಯಂಥ ದೊಡ್ಡ ಊರಿಗೆ ಅಷ್ಟ. ನಮ್ಮ ಕಡಿ ಅದು ಮುಂದ ಬಂದಿದ್ದು ಫೋನಿನ ತಂತಿ ಹಿಡಕೊಂಡನ. ಮೋಡೆಮ್ ಕಿರ್ರ್ ಅಂತ ಒದರಿ ಒದರಿ ಕೂಡಬೇಕು. ಅಷ್ಟೊತ್ತು ಮನಿ ಫೋನ್ ಬಂದ್. ನೆಟ್ ಹಚ್ಚಿದಾಗ ಬೀಗರು ಫೋನ್ ಮಾಡಿದ್ರ “ನಿಮ್ಮ ಫೋನ್ ತಾಸಗಟ್ಲೆ ಎಂಗೇಜ್” ಅಂತ ಸಿಟ್ಟಾಗತಿದ್ರು. ಮನ್ಯಾಗ ಇಲ್ಲದವರಿಗೆ ಬಜಾರದಾಗಿನ ನೆಟ್ ಸೆಂಟರ್. ಪರೀಕ್ಷಾ ಫಲಿತಾಂಶದ ದಿನ ಅಲ್ಲಿ ಜಾತ್ರಿ ಕೂಡಿದಂಗ ಕೂಡತಿತ್ತು.

2000ದ ಅಕ್ಟೋಬರ್ 1ಕ್ಕ ಟೆಲಿಫೋನ್ ಇಲಾಖೆಯ ಕೆಲಸ ಬಿ.ಎಸ್.ಎನ್.ಎಲ್. ಕಂಪನಿಗೆ ಬಂತು. 2004ರಾಗ ಸರಕಾರ ಬ್ರಾಡ್‌ಬ್ಯಾಂಡ್ ನೀತಿ ಹೊರಡಿಸಿ, 256 ಕೆಬಿಪಿಎಸ್ ಇದ್ರ ಅದು ಬ್ರಾಡ್‌ಬ್ಯಾಂಡ್ ಅಂತ ಅಳತಿ ಹಾಕಿತು. ಈಗ 2023ರಿಂದ ಆ ಅಳತಿ 2 ಎಂಬಿಪಿಎಸ್, ಅಂದ್ರ ಹತ್ತಿರ ಹತ್ತಿರ ಎಂಟು ಪಟ್ಟು. 2005ರ ಜನವರಿಯೊಳಗ ಬಿ.ಎಸ್.ಎನ್.ಎಲ್. ಡೇಟಾಒನ್ ಶುರು ಮಾಡಿತು. ಫೋನೂ ನಡೀತೈತಿ, ನೆಟ್ಟೂ ನಡೀತೈತಿ ಅಂದಾಗ ನಮಗದು ಪವಾಡ ಕಂಡಂಗ ಆತು. ಕೆಲವು ಪ್ಲಾನಿನಾಗ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರ ಮಟಾ ಎಷ್ಟ ಬಳಸಿದ್ರೂ ಲೆಕ್ಕ ಇರಲಿಲ್ಲ. ಪರೀಕ್ಷಾಕ್ಕ ಏಳದ ಹುಡುಗರು ಸಿನೆಮಾ ಇಳಿಸ್ಕೊಳ್ಳಾಕ ಎರಡಕ್ಕ ಅಲಾರಂ ಇಡತಿದ್ರು.

ಆದ್ರ ತಾಮ್ರದ ತಂತಿಗೆ ಒಂದು ಗುಣ ಐತಿ. ಎಕ್ಸ್‌ಚೇಂಜಿನಿಂದ ದೂರ ಹೋದಂಗ ಅದರೊಳಗಿನ ಸಿಗ್ನಲ್ ಸೊರಗತೈತಿ. ಎಕ್ಸ್‌ಚೇಂಜಿನ ಮಗ್ಗಲ ಮನಿಯವರಿಗೆ ಓಡತಿತ್ತು, ಊರ ಹೊರಗಿನ ಹೊಸ ಬಡಾವಣಿಯವರಿಗೆ ತೆವಳತಿತ್ತು. ಜೋಡಣಿಯೊಳಗ ನೀರು ಇಳಿದ್ರ ಕಿಲುಬು ಹಿಡೀತಿತ್ತು. ರಸ್ತೆ ಅಗಲ ಮಾಡಾಕ ಬಂದವರು, ನೀರಿನ ಪೈಪ್ ಹಾಕಾಕ ಬಂದವರು ಜೆಸಿಬಿ ಹಚ್ಚಿ ನೆಲದಾಗಿನ ಕೇಬಲ್ಲನ್ನ ಬೇರು ಕಿತ್ತಂಗ ಕೀಳತಿದ್ರು. ಆಗೂ ಅದ ಮಾತು: ಲೈನ್‌ಮನ್ ಗುರುತಿನವ ಇದ್ದ, ಓಣಿ ಕಂಬ ಯಾವುದು, ಜೋಡಣಿ ಎಲ್ಲೈತಿ ಗೊತ್ತಿದ್ದವ ಇದ್ದ ಅಂದ್ರ ಸಂಜಿಕ ಲೈನ್ ಚಾಲೂ.

2011ರ ಅಕ್ಟೋಬರದಾಗ ಕೇಂದ್ರ ಸರಕಾರ ಗ್ರಾಮ ಪಂಚಾಯ್ತಿ ಮಟಾ ಗಾಜಿನ ಎಳಿ ಒಯ್ಯೋ ಯೋಜನೆಗೆ ಒಪ್ಪಿಗಿ ಕೊಟ್ಟಿತು. ಅದಕ್ಕ ಮುಂದ ಭಾರತ್‌ನೆಟ್ ಅಂತ ಹೆಸರಿಟ್ರು. ಎಳಿ ಪಂಚಾಯ್ತಿ ಕಟ್ಟಿ ಮುಟ್ಟೋದು ಒಂದು ಕೆಲಸ, ಅಲ್ಲಿಂದ ಮನಿ ಹೊಸ್ತಿಲಾ ದಾಟೋದು ಇನ್ನೊಂದು. ಊರ ಮುಂದ ಕೆನಾಲ್ ಬಂದ್ರೂ ನಮ್ಮ ಹೊಲಕ್ಕ ಹೊಳಿ ನೀರು ಬರಬೇಕಂದ್ರ ಕಾಲುವೆ ಬೇಕಲ್ಲ, ಹಂಗ.

ಅಷ್ಟರಾಗ 2016ರ ಸೆಪ್ಟೆಂಬರ್ 5ಕ್ಕ ಜಿಯೋ ಬಂತು. ನೆಟ್ ಅನ್ನೋದು ತಂತಿ ಬಿಟ್ಟು ಕೈಯಾಗಿನ ಫೋನಿಗೆ ಇಳೀತು, ದರಾನೂ ಇಳೀತು. ರಬಕವಿ-ಬನಹಟ್ಟಿಯ ಹೆಣ್ಣಮಕ್ಕಳು ಮಗ್ಗದಿಂದ ಇಳಿಸಿದ ಸೀರಿಯ ಸೆರಗಿನ ಫೋಟೋ ತಗದು ವಾಟ್ಸ್ಯಾಪಿನಾಗ ಬೆಂಗಳೂರು, ಸೊಲ್ಲಾಪುರಕ್ಕ ಕಳಸಾಕ ಹತ್ತಿದ್ರು. ಆದ್ರ ಟವರ್ ಅನ್ನೋದು ಊರ ಬಾವಿ ಇದ್ದಂಗ. ಒಂದ ಬಾವಿಗೆ ನೂರು ಹಗ್ಗ ಇಳಿದ್ರ ಯಾರ ಕೊಡಾನೂ ಬೇಗ ತುಂಬಂಗಿಲ್ಲ. ಸಂಜಿ ಏಳರಿಂದ ಹತ್ತರ ಮಟಾ ಎಲ್ಲಾರೂ ಧಾರಾವಾಹಿ, ಕ್ರಿಕೆಟ್ ಹಚ್ಚಿದಾಗ ನೆಟ್ ಸೊರಗೋದು ಅದಕ್ಕ.

ಹಳಿ ತಂತಿ ಕುಂಟತಿತ್ತು, ಹೊಸಾ ಗಾಳಿ ನೆಟ್ ಸಣ್ಣ ಪರದಿಯೊಳಗಿತ್ತು. ಇವೆರಡರ ಪರೀಕ್ಷಾ ಒಂದ ವರ್ಷದೊಳಗ ಆತು. 2019ರ ಆಗಸ್ಟದಾಗ ಕೃಷ್ಣಾ, ಘಟಪ್ರಭಾ ಎರಡೂ ತುಂಬಿ ಬಂದ್ವು. ಜಮಖಂಡಿ, ಮುಧೋಳ ತಾಲೂಕಿನ ಹೊಳಿದಂಡಿ ಹಳ್ಳಿಯೊಳಗ ನೀರು ಹೊಕ್ಕಿತು. ಕರೆಂಟ್ ಹೋದ್ರ ಟವರ್ ನಡಿಯೋದು ಬ್ಯಾಟರಿ, ಡೀಸೆಲ್ ಇರೋ ಮಟಾ ಅಷ್ಟ. ಆ ದಿನ ನಮಗ ಸಿನೆಮಾ ಬ್ಯಾಡಾಗಿತ್ತು, ಫೋಟೋ ಬ್ಯಾಡಾಗಿತ್ತು. ಆ ಕಡಿಂದ “ಅದೀವಿ” ಅನ್ನೋ ಒಂದು ಮಾತು ಬಂದ್ರ ಸಾಕಾಗಿತ್ತು.

ಅದರ ಹಿಂದ 2020. ಜನವರಿ 31ಕ್ಕ ಬಿ.ಎಸ್.ಎನ್.ಎಲ್.ನ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ತಗೊಂಡು ಒಂದ ದಿನ ಹೊರಗ ಬಂದ್ರು. ಕಂಪನಿ ಖರ್ಚಿನ ಲೆಕ್ಕ ಬ್ಯಾರೆ ಇರಬಹುದು. ಆದ್ರ ಯಾವ ಕಂಬದ ತಂತಿ ಯಾವ ಮನಿಗೆ ಹೋಗೇತಿ ಅನ್ನೋ ತಿಳವಳಿಕಿ ಇದ್ದ ಎಷ್ಟೋ ಕೈ ಅವರೊಳಗ ಇದ್ವು. ಎರಡು ತಿಂಗಳು ತುಂಬೂದರಾಗ, ಮಾರ್ಚ್ 25ಕ್ಕ ಲಾಕ್‌ಡೌನ್ ಬಂತು. ಸಾಲಿ ಬಂದ್, ಆಫೀಸ್ ಬಂದ್, ಎಲ್ಲಾ ನೆಟ್ಟಿನ ಮ್ಯಾಲ. ಬೆಂಗಳೂರಿಂದ ಬಂದ ಹುಡುಗರು ಲ್ಯಾಪ್‌ಟಾಪ್ ಹಿಡಕೊಂಡು ಮಾಳಿಗಿ ಏರಿ, ನೀರಿನ ಟಾಕಿ ಮಗ್ಗಲಾಗ ಕುಂತು ಸಿಗ್ನಲ್ ಹುಡಕತಿದ್ರು.

ನನ್ನ ಮಗಳು ಮುಧೋಳ ಕಡಿ ಸರಕಾರಿ ಸಾಲಿ ಟೀಚರ್. ಅಕಿ ವರ್ಗದಾಗ ಅರ್ಧಾ ಹುಡುಗರ ಮನ್ಯಾಗ ಸ್ಮಾರ್ಟ್‌ಫೋನ್ ಇರಲಿಲ್ಲ. ಇದ್ದರೂ ಅದು ಅಪ್ಪನ ಕಿಸೆದಾಗ ಹೊಲಕ್ಕ ಹೋಗತಿತ್ತು. ಆ ವರ್ಷ ಆಗಸ್ಟದಾಗ ಸರಕಾರ ವಿದ್ಯಾಗಮ ಶುರು ಮಾಡಿತು, ಟೀಚರುಗಳ ಹುಡುಗರಿದ್ದಲ್ಲಿಗೆ ಹೋಗೋದು. ಮಗಳು ಗುಡಿ ಕಟ್ಟಿ ಮ್ಯಾಲ ಹುಡುಗರನ್ನ ದೂರ ದೂರ ಕುಂಡ್ರಿಸಿ ಪಾಠಾ ಹೇಳಿದ್ಲು. “ಅವ್ವಾ, ನೆಟ್ ಮುಟ್ಟದ ಮನಿಗೆ ನಾನ ನಡದು ಹೋಗಬೇಕಾತು ನೋಡು” ಅಂತಿದ್ಲು.

ಈಗ ಗಾಜಿನ ಎಳಿಯ ಕಾಲ. ನಮ್ಮ ಊರುಗಳಿಗೆ ಇದನ್ನ ಮನಿ ಮಟಾ ತಂದವರು ಹೆಚ್ಚಾಗಿ ಯಾರಂದ್ರ, ಮೊದಲು ಟಿವಿಗೆ ಡಿಶ್ ಕೇಬಲ್ ಎಳದಿದ್ದ ಊರ ಹುಡುಗರ. ಬಿ.ಎಸ್.ಎನ್.ಎಲ್. ಸುದ್ದಾ ತನ್ನ ಫೈಬರ್ ಸೇವೆಗೆ ಇಂಥಾ ಸ್ಥಳೀಯರನ್ನ ಪಾಲುದಾರರನ್ನಾಗಿ ತಗೊಂಡು, ಬಿಲ್ಲಿನಾಗ ಪಾಲು ಕೊಡೋ ಪದ್ಧತಿ ಮಾಡಿತು. ಎಳಿ ಕೂದಲದಷ್ಟು ಸಣ್ಣದು, ಅದರೊಳಗ ಓಡೋದು ಬೆಳಕು. ಕಿಲುಬು ಹಿಡಿಯಂಗಿಲ್ಲ, ದೂರ ಹೋದ್ರೂ ತಾಮ್ರದಂಗ ಸೊರಗಂಗಿಲ್ಲ.

ಆದ್ರ ಹರಿಯೋದಂತೂ ಹರೀತೈತಿ. ನಮ್ಮ ಕಡಿ ಅದಕ್ಕ ದೊಡ್ಡ ವೈರಿ ಕಬ್ಬಿನ ಸೀಜನ್. ಕಾರ್ಖಾನಿಗೆ ಹೊಂಟ ಟ್ರ್ಯಾಕ್ಟರ್ ಎರಡು ಟ್ರೇಲರ್ ಕಟಗೊಂಡು, ಮನಿ ಮಾಳಿಗಿ ಎತ್ತರ ಕಬ್ಬು ಹೇರಿಕೊಂಡು ಬರತೈತಿ. ರಸ್ತೆಗೆ ಅಡ್ಡ ಜೋತುಬಿದ್ದ ಎಳಿ ಕಬ್ಬಿನ ತುದಿಗೆ ಸಿಕ್ಕೊಂಡು ಫಟ್ ಅಂತ ಹೋಗತೈತಿ. ಮಗ್ಗದಾಗ ಹಾಸಿನ ಎಳಿ ಹರದ್ರ ನಿಮ್ಮ ಬನಹಟ್ಟಿಯವರು ಎರಡು ಬೆರಳಾಗ ಹೊಸದು ಜೋಡಸ್ತಾರ. ಗಾಜಿನ ಎಳಿಗೆ ಹಂಗ ಆಗಂಗಿಲ್ಲ. ಎರಡೂ ತುದಿ ನುಣ್ಣಗ ಕತ್ತರಿಸಿ, ಒಂದು ಯಂತ್ರದಾಗಿಟ್ಟು, ಕಿಡಿ ಹಾರಿಸಿ ಕರಗಿಸಿ ಕೂಡಸಬೇಕು. ಆ ಯಂತ್ರ ಇದ್ದವ ನಿಮ್ಮ ಮನಿಯಿಂದ ಎಷ್ಟು ದೂರದಾಗ ಅದಾನ ಅನ್ನೋದರ ಮ್ಯಾಲ ನಿಮ್ಮ ನೆಟ್ಟಿನ ಗಟ್ಟಿತನ ನಿಂತೈತಿ.

ನಮಗ ಇದು ಬುದ್ಧಿ ಕಲಿಸಿದ್ದು ಹಿಂಗ. ಮೊದಲು ಒಂದು ಕಂಪನಿಯದು ತಗೊಂಡಿದ್ವಿ, ಹೆಸರು ಬ್ಯಾಡ. ಸ್ಪೀಡ್ ಅಂದ್ರ ಸ್ಪೀಡ್, ದರಾನೂ ಕಡಿಮಿ. ಒಂದಿನ ಪೆಟ್ಟಿಗಿ ಮ್ಯಾಲ ಕೆಂಪು ದೀಪ ಹತ್ತಿತು. ಫೋನ್ ಮಾಡಿದ್ರ ಯಾವುದೋ ಊರಾಗ ಕುಂತ ಹುಡುಗಿ ಹಿಂದಿಯೊಳಗ “ನಾಳೆ ಬರತಾರ” ಅಂದ್ಲು. ಹದಿನಾರು ದಿನ ಹಿಂಗ ನಾಳೆ ಆತು. ಈಗಿನದು ಅದಕ್ಕಿಂತ ನಿಧಾನ, ತಿಂಗಳಿಗೆ ನೂರು ರೂಪಾಯಿ ಹೆಚ್ಚು. ಆದ್ರ ಹಚ್ಚಿದ ಹುಡುಗನ ಮನಿ ನಮ್ಮ ಹಿಂದಿನ ಓಣ್ಯಾಗ. ಕೆಟ್ಟರ ಅವರವ್ವನ ಮುಂದ ಹೇಳಿದ್ರ ಸಾಕು, ಉಣ್ಣೂದರೊಳಗ ಬರತಾನ.

ಇಷ್ಟೆಲ್ಲಾ ಕೇಳಿದ ಮ್ಯಾಲ ನೆಗೆಣ್ಣಿ ಅಂದ್ಲು, “ಅಂದ್ರ ಯಕ್ಕಾ, ಯಾವ ಕಂಪನಿ ಅಂತ ಕೇಳಬಾರದು, ಹರದ್ರ ಯಾರು ಬರತಾರ ಅಂತ ಕೇಳಬೇಕು.” ನಾನು ಇಷ್ಟುದ್ದ ಹೇಳಿದ್ದನ್ನ ಅಕಿ ಒಂದ ಸಾಲಿನಾಗ ಹೇಳಿದ್ಲು.

ಆಮ್ಯಾಲ ಇಬ್ಬರೂ ಕೂಡಿ ಪಟ್ಟಿ ಮಾಡಿದ್ವಿ. ಮೊದಲನೇದು, ಬನಹಟ್ಟಿಯೊಳಗ ಅವರ ಓಣ್ಯಾಗಿನ ನಾಲ್ಕು ಮನಿಗೆ ಹೋಗಿ “ಕಡೀಕ ಕೆಟ್ಟಾಗ ಎಷ್ಟು ದಿನಕ್ಕ ಸರಿ ಆತು?” ಅಂತ ಕೇಳೋದು. ಜಾಹೀರಾತಿನಾಗ ಸ್ಪೀಡ್ ಇರತೈತಿ, ಇದು ಇರಂಗಿಲ್ಲ.

ಎರಡನೇದು, ಎರಡು ದಾರಿ ಇಟಗೊಳ್ಳೋದು. ಎರಡು ಕಂಪನಿ ತಂತಿ ತಗೊಂಡ್ರೂ ಎರಡೂ ಒಂದ ಕಂಬಕ್ಕ ಜೋತುಬಿದ್ದಿದ್ರ ಒಂದ ಟ್ರ್ಯಾಕ್ಟರ್ ಎರಡನ್ನೂ ಒಯ್ಯತೈತಿ. ಅದಕ್ಕ ಒಂದು ತಂತಿದು, ಇನ್ನೊಂದು ಬ್ಯಾರೆ ಕಂಪನಿ ಸಿಮ್, ಟವರಿಂದು. ಇದು ದೊಡ್ಡವರಿಗೂ ತಪ್ಪಿಲ್ಲ. 2008ರ ಜನವರಿ ಕಡೀಕ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಸಮುದ್ರದ ತೆಳಗಿನ ಕೇಬಲ್ ಹರದು ನಮ್ಮ ಇಡೀ ದೇಶದ ನೆಟ್ ಕುಂಟಿತ್ತು. ಆಗೂ ಕೈ ಹಿಡದದ್ದು ಬ್ಯಾರೆ ದಿಕ್ಕಿನಿಂದ ಬರೋ ಕೇಬಲ್ಲುಗಳು.

ಮೂರನೇದು, ಕರೆಂಟ್. ನೆಟ್ ಇದ್ದರೂ ಪೆಟ್ಟಿಗಿಗೆ ಕರೆಂಟ್ ಇಲ್ಲಂದ್ರ ಏನೂ ಇಲ್ಲ. ರೌಟರಿಗೆ ಅಂತನ ಸಣ್ಣ ಯುಪಿಎಸ್ ಸಿಗತೈತಿ. ಫೈಬರ್ ಪೆಟ್ಟಿಗಿ, ವೈಫೈ ಪೆಟ್ಟಿಗಿ ಬ್ಯಾರೆ ಬ್ಯಾರೆ ಇದ್ರ ಎರಡಕ್ಕೂ ಅದರಿಂದ ವಾಯರ್ ಕೊಡಬೇಕು. ಒಂದಕ್ಕ ಕೊಟ್ಟು ಒಂದ ಬಿಟ್ಟರ ಉಪಯೋಗಿಲ್ಲ.

ನಾಲ್ಕನೇದು, ಪೆಟ್ಟಿಗಿ ಇಡೋ ಜಾಗಾ. ನಮ್ಮ ಹಳೇ ಮಾಳಿಗಿ ಮನಿ ಗ್ವಾಡಿ ಮೊಳದ ಮ್ಯಾಲ ದಪ್ಪ, ಮಣ್ಣು ಕಲ್ಲಿನದು. ಪಡಸಾಲಿಯೊಳಗ ಟಿವಿ ಹಿಂದ ಇಟ್ರ ಅಡಗಿಮನಿಗೆ ವೈಫೈ ಮುಟ್ಟಂಗಿಲ್ಲ. ಟ್ರಂಕು, ತಿಜೋರಿ, ಫ್ರಿಜ್ ಮಗ್ಗಲಾಗ ಇಡಬಾರದು. ಕೆಲಸ ಮಾಡೋ ಕೋಣಿಯೊಳಗ, ಎತ್ತರದಾಗ ಇಡಬೇಕು. ಎರಡು ಹೆಸರಿನ ವೈಫೈ ತೋರಿಸಿದ್ರ, 5 ಜಿ.ಎಚ್‌.ಝಡ್. ಅನ್ನೋದು ಜೋರು ಆದ್ರ ಗ್ವಾಡಿ ದಾಟಾಕ ಸೋಲತೈತಿ, 2.4 ಅನ್ನೋದು ನಿಧಾನ ಆದ್ರ ಒಳಗಿನ ಕೋಣಿ ಮುಟ್ಟತೈತಿ. ಎಲ್ಲಾಕ್ಕಿಂತ ಗಟ್ಟಿ ಅಂದ್ರ ಪೆಟ್ಟಿಗಿಯಿಂದ ಲ್ಯಾಪ್‌ಟಾಪಿಗೆ ನೇರ ಒಂದು ಕೇಬಲ್.

ಐದನೇದು, ಕೆಟ್ಟಾಗ ಬರೇ ಫೋನಿನಾಗ ಬೈದು ಇಡಬ್ಯಾಡ್ರಿ. ದೂರಿನ ನಂಬರ್ ಕೇಳಿ, ತಾರೀಖು ಹಾಕಿ, ಹಾಲಿನ ಲೆಕ್ಕದ ವಹಿಯೊಳಗ ಬರದಿಡ್ರಿ. ಆ ನಂಬರ್ ಇದ್ದರ ಅದ ಕಂಪನಿಯ ಮೇಲ್ಮನವಿ ಅಧಿಕಾರಿಗೆ ದೂರು ಒಯ್ಯಾಕ ಬರತೈತಿ. ಹದಿನಾರು ದಿನ ನಾನು ಬರಕೊಳ್ಳದ ಕೆಟ್ಟೆ.

ಸೊಸಿಯ ತಿಂಗಳು ಶುರು ಆಗಿ ಇವತ್ತಿಗೆ ಹತ್ತೊಂಬತ್ತು ದಿನ. ಹನ್ನೆರಡನೇ ದಿನ ನಡುಮಧ್ಯಾಹ್ನ, ಮೀಟಿಂಗ್ ನಡದಾಗ ಎಳಿ ಹರೀತಂತ. ಕೂಸು ಅತ್ತಿ ಬಗಲಾಗ ಅಳತಿತ್ತು. ಸೊಸಿ ಗಾಬರಿ ಆಗದ ಫೋನಿನ ಸಿಮ್ ಹಚ್ಚಿ ಮಾತು ಮುಗಿಸ್ಯಾಳ, ಆ ಕಡಿಯವರಿಗೆ ಗೊತ್ತ ಆಗಿಲ್ಲ. ಸಂಜಿ ದೀಪಾ ಹಚ್ಚೂದರಾಗ ಹುಡುಗ ನಿಚ್ಚಣಿಕಿ ತಂದು ಏರಿ ಕೂಡಿಸಿ ಹೋಗ್ಯಾನ. ನೆಗೆಣ್ಣಿ ಅವಗ ಚಹಾ, ಚುರಮರಿ ಕೊಟ್ಟು, ಅವನ ನಂಬರ್ ಕ್ಯಾಲೆಂಡರ್ ಮ್ಯಾಲ ದಪ್ಪ ಅಕ್ಷರದಾಗ ಬರದಿಟ್ಟಾಳ.

ಇನ್ನೂ ಹನ್ನೊಂದು ದಿನ ಉಳದಾವ. ಕಬ್ಬಿನ ಸೀಜನ್ನೂ ನಡದೈತಿ. ನಿಮ್ಮ ಓಣ್ಯಾಗ ಹರದ ಎಳಿ ಕೂಡಸೋ ಹುಡುಗ ಯಾರದಾನ, ಮುಂದಿನ ಸಲ ಬಂದಾಗ ಹೇಳ್ರಿ. ಅಂಥವರ ನಂಬರ್ ನಾಲ್ಕು ಮನ್ಯಾಗ ಇದ್ರ ನಾಲ್ಕು ಸೊಸ್ಯಾರಿಗೆ ಉಪಯೋಗ ಆಗತೈತಿ.